ತಣ್ಣಗಿದ್ದ ಪಾದ

ಮೊದಲು ಕೇಳಿಸಿದ್ದು ಸದ್ದು. ಹಸಿ ಕಬ್ಬನ್ನು ತೊಡೆಗೆ ಹಚ್ಚಿ ಮುರಿದ ಹಾಗೆ. ಮರುಕ್ಷಣ ನನ್ನ ಗಂಡ ಮಾರುತಿ ಕೆಂಪು ಮಣ್ಣಿನ ಮೇಲೆ ಬಿದ್ದಿದ್ದರು. ಬಲಗಾಲು ಮಂಡಿಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು.

ನಾನು ಕೌಜಲಗಿಯ ತಾಲೀಮಿನ ಹೊಸ್ತಿಲ ಹೊರಗೆ ನಿಂತಿದ್ದೆ. ಕುಸ್ತಿಯ ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುತ್ತಾರೆ. ಹೆಂಗಸರು ಒಳಗೆ ಕಾಲಿಡುವುದಿಲ್ಲ. ಹಾಗೆಂದು ಯಾರೂ ಫಲಕ ಹಾಕಿಲ್ಲ, ಎಲ್ಲರಿಗೂ ಗೊತ್ತು. ದಿನವೂ ಬೆಳಿಗ್ಗೆ ನಾನು ಬುತ್ತಿ ತಂದು ಹೊರಗೆ ನಿಲ್ಲುವುದು, ಇವರು ಮೈ ತೊಳೆದುಕೊಂಡು ಬಂದು ಅದನ್ನು ತೆಗೆದುಕೊಂಡು ಕಾಲುವೆಗೆ ನೀರು ಬಿಡುವ ಗೇಟ್ ಕೆಲಸಕ್ಕೆ ಹೋಗುವುದು. ಅವತ್ತೂ ಹಾಗೇ ಬಂದಿದ್ದೆ.

ಕುಸ್ತಿ ಕಲಿಸುವ ವಸ್ತಾದಿ ಕಾಕಾ ಕಾಲು ಹಿಡಿದು ಜಗ್ಗಿದರು. ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದ ಗರಡಿಯ ಮಣ್ಣು ಎಂಥ ಉಳುಕಿಗೂ ಔಷಧ ಎಂಬುದು ಅವರ ನಂಬಿಕೆ. ಅದನ್ನೇ ಕಲಸಿ ಮಂಡಿಗೆ ಮೆತ್ತಿ, ಮೇಲೆ ಲಂಗೋಟಿಯ ಬಟ್ಟೆ ಸುತ್ತಿದರು.

"ಬಿಗಿ ಆದಷ್ಟೂ ಚಲೋ," ಎಂದರು. "ಸಂಜೀಗಿ ಎದ್ದು ಬೈಠಕ್ ಹೊಡಿತಾನ ನೋಡ್ರಿ ಮಗಾ."

ಎಲ್ಲರೂ ನಕ್ಕರು. ಇವರೂ ನಗಲು ಪ್ರಯತ್ನಿಸಿದರು.

ನಾನು ಪಾದವನ್ನು ನೋಡುತ್ತಿದ್ದೆ. ಅದು ಮೊದಲು ಬಿಳಿಚಿತು. ಆಮೇಲೆ ನೀಲಿಯಾಗತೊಡಗಿತು. ನಾನು ಬಿ.ಎಸ್ಸಿ. ಓದಿದವಳು. ರಕ್ತ ಹರಿಯದಿದ್ದರೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು.

"ಕಾಕಾ, ಪಾದ ನೋಡ್ರಿ," ಎಂದೆ.

"ನೀ ಮನೀಗಿ ಹೋಗವ್ವ. ನಾವು ಅದೀವಲ್ಲ."

ನಾನು ನಿಂತೇ ಇದ್ದೆ.

ಎಷ್ಟು ಹೊತ್ತು ಎಂಬುದು ಇವತ್ತಿಗೂ ಗೊತ್ತಿಲ್ಲ. ಮನೆಯಿಂದ ತಂದಾಗ ಬುತ್ತಿ ಕೈ ಸುಡುವಷ್ಟು ಬಿಸಿಯಿತ್ತು. ನಾನು ಹೊಸ್ತಿಲು ದಾಟುವಾಗ ಅದು ಆರಿಹೋಗಿತ್ತು. ಅಷ್ಟು ಮಾತ್ರ ನೆನಪಿದೆ. ಒಳಗೆ ಹೋಗಿ ಪಾದ ಮುಟ್ಟಿದೆ.

ನೀರು ತುಂಬಿದ ಕೊಡದ ಹಾಗೆ ತಣ್ಣಗಿತ್ತು.

ಗಾಡಿ ಮಾಡಿ ಗೋಕಾಕಕ್ಕೆ ಒಯ್ದೆ. ಅಲ್ಲಿನ ಡಾಕ್ಟರು ಕತ್ತರಿಯಿಂದ ಬಟ್ಟೆ ಕೊಯ್ದರು. ಜಾಗ ತಪ್ಪಿದ್ದ ಮಂಡಿಯನ್ನು ಕೂಡಿಸಿ, ಪಾದದ ಮೇಲೆ ಎರಡು ಬೆರಳಿಟ್ಟು ಪಲ್ಸ್ ಹುಡುಕಿದರು. ಬಹಳ ಹೊತ್ತು ಹುಡುಕಿದರು. "ಸಿಕ್ಕಿತು," ಎಂದರು ಕೊನೆಗೆ. ನಂತರ ನನ್ನ ಕಡೆ ತಿರುಗಿ, "ಇನ್ನೊಂದಿಷ್ಟು ತಡಾ ಮಾಡಿದ್ರ ಕಾಲ ತೆಗೀಬೇಕಾಗ್ತಿತ್ತು," ಎಂದರು.

ಮಂಡಿಯಲ್ಲಿ ಹರಿದಿದ್ದ ಲಿಗಮೆಂಟಿನ ಆಪರೇಶನ್ ಬೆಳಗಾವಿಯಲ್ಲಿ, ಸರಕಾರದ ಆರೋಗ್ಯ ಕಾರ್ಡಿನಲ್ಲೇ ಆಯಿತು. ಡಿಸ್ಚಾರ್ಜ್ ಮಾಡುವಾಗ ಸರ್ಜನ್ ಹೇಳಿದರು: "ಅರ್ಧ ಕೆಲಸ ನಂದು, ಮುಗೀತು. ಇನ್ನರ್ಧ ರಿಹ್ಯಾಬ್, ಅಂದ್ರೆ ಕಾಲಿನ ವ್ಯಾಯಾಮ. ತಡ ಮಾಡಿದ್ರೆ ಮಂಡಿ ಮಡಚೋದೇ ಇಲ್ಲ. ಆಟಗಾರರ ಗಾಯ ನೋಡೋ ಸ್ಪೋರ್ಟ್ಸ್ ಮೆಡಿಸಿನ್ ಡಾಕ್ಟರಿಗೆ ತೋರಿಸಿ." ಅಂಥ ಡಾಕ್ಟರು ನಮ್ಮ ಕಡೆ ಎಲ್ಲಿದ್ದಾರೆ, ಕಾರ್ಡ್ ಒಪ್ಪುತ್ತಾರೆಯೇ ಎಂಬುದನ್ನು ಹೇಳಲಿಲ್ಲ. ಮಡಚದ ಮಂಡಿ ಇಟ್ಟುಕೊಂಡು ಕಾಲುವೆಯ ಮೆಟ್ಟಿಲು ಇಳಿಯಲಾಗದು, ಗೇಟಿನ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂರಲಾಗದು. ಇವರಿಗೆ ಗೊತ್ತಿರುವುದು ಅದೊಂದೇ ಕೆಲಸ.

ಮೊದಲ ವಾರ ತಾಲೀಮಿನವರು ಗುಂಪಾಗಿ ಬಂದು ಬಾದಾಮಿ ಕೊಟ್ಟು ಹೋದರು. ಎರಡನೆಯ ವಾರ ಇಬ್ಬರು ಬಂದರು. ಆಮೇಲೆ ಯಾರೂ ಇಲ್ಲ. ಇವರ ಕಾಲಿಗಿಂತ ನಾನು ಹೊಸ್ತಿಲು ದಾಟಿದ್ದೇ ಊರಿನಲ್ಲಿ ದೊಡ್ಡ ಸುದ್ದಿಯಾಗಿತ್ತು.

ಫೈಲ್ ಹಿಡಿದು ಒಬ್ಬಳೇ ತಿರುಗಿದೆ. ಗೋಕಾಕದ ಒಂದು ಆಸ್ಪತ್ರೆಯ ಗೋಡೆಯ ಮೇಲೆ ಕಾರ್ಡಿನ ಚಿತ್ರ ದೊಡ್ಡದಾಗಿತ್ತು. "ಅದು ಆಪರೇಶನ್‌ಗೆ ಅಷ್ಟ ರೀ," ಎಂದರು ಕೌಂಟರಿನವರು. "ಕಾಲ ಮಡಚಾಕ, ಚಾಚಾಕ ಕಾರ್ಡ್ ನಡೆಂಗಿಲ್ಲ." ಮೂಡಲಗಿಯ ಫಿಜಿಯೋಥೆರಪಿಸ್ಟ್ ಕಾರ್ಡನ್ನು ತಿರುವಿ ನೋಡಿ ವಾಪಸ್ ಕೊಟ್ಟರು. ಅವರ ಕ್ಲಿನಿಕ್ ಯೋಜನೆಯಲ್ಲೇ ಇರಲಿಲ್ಲ. ನಾನು ಏಳದೆ ಕುಳಿತದ್ದನ್ನು ನೋಡಿ ಹೇಳಿದರು: "ಹುಕ್ಕೇರಿಗೆ ಗುರುವಾರಕ್ಕೊಮ್ಮೆ ಒಬ್ಬರು ಮೇಡಂ ಬರತಾರ. ನಿಮಗ ಬೇಕಾದ ಡಾಕ್ಟರ್ ಅವರ. ಕಾರ್ಡ್ ತಗೋತಾರ. ಆದ್ರ ಸರಕಾರಿ ದವಾಖಾನಿ ರೆಫರಲ್ ಲೆಟರ್ ಬೇಕ ಬೇಕು."

ಲೆಟರಿಗೆ ಗೋಕಾಕಕ್ಕೆ ಮೂರು ಸಲ ಹೋದೆ. ಒಮ್ಮೆ ಡಾಕ್ಟರು ರಜೆ. ಒಮ್ಮೆ ಸಹಿ ಸಿಕ್ಕಿತು, ಸೀಲು ಸಿಗಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ನೀಲಿ ಪಾದ ಕಾಣುತ್ತಿತ್ತು. ಕಣ್ಣು ತೆರೆದರೆ ಕಬ್ಬಿನ ಗದ್ದೆಗಳು, ಪಕ್ಕದಲ್ಲಿ ಯಾರೋ ಅಪರಿಚಿತರು. ಅವರಿಗೇ ಎಲ್ಲವನ್ನೂ ಹೇಳಿಬಿಡಬೇಕು ಅನಿಸುತ್ತಿತ್ತು.

ಗುರುವಾರ ಇವರನ್ನು ಕರೆದುಕೊಂಡು ಹುಕ್ಕೇರಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

"ನಂಬರ್ ಮುಗದಾವ್ರಿ," ಎಂದಳು ನರ್ಸ್. "ಮುಂದಿನ ಗುರುವಾರ ಬರ್ರಿ."

ಇವರು ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಅದು ಚಾಚಿದಂತೆಯೇ ಇರುತ್ತಿತ್ತು, ಕಟ್ಟಿಗೆಯ ತುಂಡಿನಂತೆ. ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಹೊರಗೆ ನಿಂತಿದ್ದೆ. ಈ ಸಲ ಕೈಯಲ್ಲಿ ಬುತ್ತಿಯ ಬದಲು ಫೈಲ್ ಇತ್ತು.

ಒಳಗೆ ಹೋದೆ.

ಡಾಕ್ಟರು ತಲೆಯೆತ್ತಿದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಬೈಯುತ್ತಾರೆ ಅಂದುಕೊಂಡೆ. ಅವರು ಲೆಟರ್ ಓದಿ, "ಪೇಶಂಟ್ ಎಲ್ಲದಾರ್ರಿ?" ಎಂದರು, ಅಷ್ಟೆ.

ಮಂಡಿಗೆ ಅಳತೆಪಟ್ಟಿ ಹಚ್ಚಿ ನೋಡಿದರು. ಒತ್ತಿದರು. ಇವರು ಹಲ್ಲು ಕಚ್ಚಿದರು.

"ತಡಾ ಆಗೇತಿ. ಆದ್ರ ಕೈ ಮೀರಿಲ್ಲ."

"ಮತ್ತ ಕುಸ್ತಿ ಆಡಬಹುದೇನ್ರಿ?" ಇವರು ಕೇಳಿದರು.

"ಮೊದಲ ಕುಂದ್ರಾಕ ಕಲೀರಿ ಪೈಲ್ವಾನ್ರ. ಮಣ್ಣಿನ ಮಾತು ಆಮ್ಯಾಲ."

ಯಾರು ಕಟ್ಟಿದ್ದು, ಏನು ಕಟ್ಟಿದ್ದು ಎಂದು ಕೇಳಿ ಬರೆದುಕೊಂಡರು. ನೀವು ಎಷ್ಟು ಹೊತ್ತು ನೋಡುತ್ತ ನಿಂತಿದ್ದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಆ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ, ಇವರೂ ಕೂಡ. ನಾನೊಬ್ಬಳೇ ಕೇಳಿಕೊಳ್ಳುತ್ತಿದ್ದೇನೆ.

ಈಗ ಪ್ರತಿ ಗುರುವಾರ ಹುಕ್ಕೇರಿ. ಉಳಿದ ದಿನ ಮನೆಯಲ್ಲಿ ಇವರು ಕಾಲು ಮಡಚುತ್ತಾರೆ, ನಾನು ಎಣಿಸುತ್ತೇನೆ. ಕಳೆದ ವಾರ ಕಾಲುವೆಯ ಮೂರು ಮೆಟ್ಟಿಲು ಇಳಿದು, ನನ್ನ ಹೆಗಲು ಹಿಡಿಯದೆ ಹತ್ತಿ ಬಂದರು. ಕುಕ್ಕರಗಾಲಿನಲ್ಲಿ ಕೂರಲು ಇನ್ನೂ ಆಗಿಲ್ಲ. ಆಗುತ್ತದೆ ಎಂದು ಮೇಡಂ ಮಾತು ಕೊಟ್ಟಿಲ್ಲ, ಆಗುವುದಿಲ್ಲ ಎಂದೂ ಹೇಳಿಲ್ಲ. ಅಷ್ಟಕ್ಕೇ ನಾನು ಅವರಿಗೆ ಋಣಿ.

ಬೆಳಿಗ್ಗೆ ಎದ್ದ ಕೂಡಲೇ ಇವರ ಬಲಪಾದ ಮುಟ್ಟುತ್ತೇನೆ. ಹಾಲು ಕೊಡಲು ಬರುವ ಪಕ್ಕದ ಮನೆಯ ಗಂಗವ್ವ ಅದನ್ನು ಕಂಡು ಓಣಿಯಲ್ಲಿ ಹೇಳಿಕೊಂಡು ಬಂದಿದ್ದಾಳೆ: "ಕಲಿತಾಕಿ ಆದ್ರೂ ನೋಡ್ರಿ, ದಿನಾ ಎದ್ದು ಗಂಡನ ಪಾದಾ ಮುಟ್ಟತಾಳ." ತಾಲೀಮಿನ ಕಡೆಯವರು ಈಗ ಮತ್ತೆ ನನ್ನನ್ನು ಮಾತಾಡಿಸುತ್ತಿದ್ದಾರೆ.

ನಾನು ತಿದ್ದಲು ಹೋಗಿಲ್ಲ. ಪಾದ ಬೆಚ್ಚಗಿದೆಯೇ ಎಂದು ನೋಡುತ್ತೇನೆ. ಬೆಚ್ಚಗಿರುತ್ತದೆ. ಆಮೇಲೆ ಎದ್ದು ಒಲೆ ಹಚ್ಚುತ್ತೇನೆ.