ಅಟ್ಟದ ನೆರಳಲ್ಲಿ ಒಣಗಿದ ಮಣ್ಣು

ನಮ್ಮ ತೋಟದ ಮೂಡಣ ಸಾಲಿನ ತೆಂಗಿನಮರಗಳನ್ನು ಕಡಿಸುವುದೆಂದು ಅಪ್ಪ ತೀರ್ಮಾನಿಸಿದ್ದು ಒಂದು ಮಣ್ಣು ಪರೀಕ್ಷೆಯ ವರದಿಯನ್ನು ನಂಬಿ. ದಂಡಿನಶಿವರದಿಂದ ಅಷ್ಟೇನೂ ದೂರವಿಲ್ಲದ ನಮ್ಮೂರಿಗೆ ಮದುವೆಯಾಗಿ ಬಂದ ವರ್ಷ ಅಮ್ಮ ತಾನೇ ಗುಂಡಿ ತೋಡಿ, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಸಾಲು ಅದು. ಈಚೆಗೆ ಅದರ ಹಳೆಯ ಗರಿಗಳು ತುದಿಯಿಂದ ಹಳದಿಗಟ್ಟಿ ಒಣಗುತ್ತಿದ್ದವು. ಹೊಂಬಾಳೆ ಒಡೆದು ಹರಳು ಕಟ್ಟಿದರೂ ಕಾಯಾಗುವ ಮೊದಲೇ ಉದುರಿ ಬುಡದ ಸುತ್ತ ಚೆಲ್ಲಿಕೊಳ್ಳುತ್ತಿದ್ದವು. ಕೃಷಿ ಪದವಿ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ ಮಗಳು ನಾನು. ನನ್ನ ಕಣ್ಣಿಗೆ ಇದು ಪೊಟ್ಯಾಷ್ ಕೊರತೆಯಾಗಿಯೇ ಕಂಡಿತು. ನಾನು ಊರಿನಲ್ಲಿಲ್ಲದಾಗ ಅಮ್ಮ ತೆಗೆದು ಕಳಿಸಿದ್ದ ಮಣ್ಣಿನ ವರದಿ ಮಾತ್ರ, ಪೊಟ್ಯಾಷ್ ಹೇರಳವಾಗಿದೆ ಎಂದಿತ್ತು.

"ಮಣ್ಣಲ್ಲಿ ಎಲ್ಲಾ ಐತಂತೆ ಕಣೇ," ಎಂದರು ಅಪ್ಪ, ಅಮ್ಮನಿಗೆ. "ಮರಕ್ಕೇ ವಯಸ್ಸಾಗೈತೆ. ಮಾಯಸಂದ್ರದಿಂದ ಕುಯ್ಯೋರಿಗೆ ಹೇಳಿದೀನಿ. ಬುಡು ಅತ್ಲಾಗಿ, ಹೊಸ ಸಸಿ ಇಡಾನ."

"ನನಗಿಂತ ಚಿಕ್ಕವು ಕಣ್ರೀ ಅವು," ಎಂದಳು ಅಮ್ಮ, ರಾಗಿ ಕೇರುವುದನ್ನು ನಿಲ್ಲಿಸದೆ. "ಅವಕ್ಕೆ ವಯಸ್ಸಾಗಿದ್ರೆ, ಅವ್ರು ಬಂದಾಗ ನನ್ನೂ ತೋರ್ಸ್‌ಬುಡಿ."

ಅಪ್ಪ ನಕ್ಕರು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಗರಗಸ ಬರುವುದಿತ್ತು.

ಮರುದಿನ ಬೆಳಿಗ್ಗೆ ನಾನು ವರದಿ ಹಿಡಿದು ಪಟ್ಟಣದ ಪ್ರಯೋಗಾಲಯಕ್ಕೆ ಹೋದೆ. ಕಾಣದ ತೋಟದ ಬಗ್ಗೆ, ಕಾಣದ ಮರದ ಬಗ್ಗೆ ಕಾಗದದ ಮೇಲೆ ಬರೆದುಕೊಟ್ಟ ತೀರ್ಪಿಗೆ ಯಾರಾದರೂ ಉತ್ತರ ಹೇಳಲೇಬೇಕೆಂಬ ಹಟ ನನ್ನದು. ಪರೀಕ್ಷೆ ಮಾಡಿದವಳು ನನ್ನದೇ ವಯಸ್ಸಿನ ಹುಡುಗಿ. ನನ್ನ ಏರುದನಿಯನ್ನೆಲ್ಲ ಕೇಳಿಸಿಕೊಂಡು, "ನಿಮ್ಮ ಮಣ್ಣು ಇನ್ನೂ ಉಳಿದೈತೆ. ನಿಮ್ಮ ಮುಂದೇನೆ ಮಾಡ್ತೀನಿ, ನಿಂತ್ಕೊಂಡು ನೋಡಿ," ಎಂದಳು.

ಮಣ್ಣನ್ನು ದ್ರಾವಣದಲ್ಲಿ ಅಲುಗಿಸಿ, ಸೋಸಿ, ತಿಳಿಯಾದ ದ್ರವವನ್ನು ಯಂತ್ರಕ್ಕೆ ಕೊಟ್ಟಳು. ಕೂದಲೆಳೆಯಂಥ ನಳಿಕೆ ಅದನ್ನು ಹೀರಿಕೊಂಡಿತು. ಒಳಗೆ ಉರಿಯುತ್ತಿದ್ದ ಪುಟ್ಟ ನೀಲಿ ಜ್ವಾಲೆ ಥಟ್ಟನೆ ಬಣ್ಣ ಬದಲಿಸಿತು. ಈ ಪಾಠವನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಎದೆ ಜುಮ್ಮೆಂದಿತು. ಅಮ್ಮ ತುಳಿದ ಮಣ್ಣು ಅಲ್ಲಿ ಬೆಂಕಿಯ ಬಣ್ಣವಾಗಿ ಮಾತಾಡುತ್ತಿತ್ತು. ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ಲವಣ ತನ್ನ ಇರವನ್ನು ಬೆಳಕಿನಲ್ಲಿ ಸಾರುತ್ತಿತ್ತು. ನಾನು ಜಗಳವನ್ನೇ ಮರೆತು ನೋಡುತ್ತ ನಿಂತೆ.

ಅಂಕಿ ಮೊದಲಿನದೇ ಬಂತು. ಪೊಟ್ಯಾಷ್ ಹೇರಳ.

"ಯಂತ್ರ ಸರಿಯಾಗೇ ಐತೆ," ಎಂದಳು ಅವಳು. "ನೀವು ಹೇಳೋ ಲಕ್ಷಣಾನೂ ಸುಳ್ಳಿರಲಾರದು."

"ಹಾಗಾದರೆ ಬಂದು ಮರ ನೋಡಿ."

"ತೋಟಕ್ಕೆ ಹೋಗೋದು ನಮ್ಮ ಕೆಲ್ಸ ಅಲ್ಲ ಕಣ್ರೀ. ಬಂದ ಮಣ್ಣು ನೋಡೋದಷ್ಟೇ."

"ತೀರ್ಪು ಬರೆಯುವುದು ನಿಮ್ಮ ಕೆಲಸವಾದರೆ, ಮಣ್ಣು ಬಂದ ಜಾಗ ನೋಡುವುದು ಯಾರದು? ಅವರ ಹೆಸರು ಹೇಳಿ, ಅವರನ್ನೇ ಕೇಳುತ್ತೇನೆ."

ಅವಳು ವರದಿಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ಅಂಥೋರು ಯಾರೂ ಇಲ್ಲ," ಎಂದಳು. "ಭಾನುವಾರ ರಜ. ಬತ್ತೀನಿ ಬುಡಿ."

ಹೇಳಿದಂತೆಯೇ ಮಣ್ಣು ತೆಗೆಯುವ ಕೊಳವೆ ಹಿಡಿದು ಬಂದಳು. ಬುಡದಿಂದ ಒಂದು ಮಾರು ದೂರದಲ್ಲಿ, ಬೇರು ಉಣ್ಣುವ ಪಾತಿಯಲ್ಲಿ, ಅದನ್ನು ತಿರುಚಿ ಇಳಿಸಿ ಮೇಲೆತ್ತಿದಾಗ ಅಪ್ಪ ಕೂಡ ಮೊಣಕಾಲೂರಿ ಕುಳಿತರು. ಮೇಲೆ ಅಜ್ಜನ ಕಾಲದಿಂದ ಗಾಡಿಯಲ್ಲಿ ಹೇರಿ ತಂದು ಹರಡಿದ ಕೆರೆಯ ಹೂಳಿನ ಕಪ್ಪು, ಅದರಡಿ ಕಂದು, ಇನ್ನೂ ಅಡಿಗೆ ನಮ್ಮ ಸೀಮೆಯ ಕೆಂಪು ಗರಸು. ಮೂರನ್ನೂ ಹಾಯ್ದು ಇಳಿದಿದ್ದ ಬೇರಿನ ಎಳೆಗಳು. ದಿನವೂ ಓಡಾಡಿದ ನೆಲದಡಿ ಇಷ್ಟೊಂದು ಇದ್ದದ್ದು ಗೊತ್ತೇ ಇರಲಿಲ್ಲವೆಂಬಂತೆ ನಾವು ಅದನ್ನು ಮುಟ್ಟಿ ಮುಟ್ಟಿ ನೋಡಿದೆವು.

ಸಾಲಿನುದ್ದಕ್ಕೂ ತೆಗೆದ ಮಣ್ಣನ್ನೆಲ್ಲ ಬೆರೆಸಿದ ಮೇಲೆ ಅಮ್ಮ ಮೊರ ಹಿಡಿದು ಬಂದಳು.

"ಕೊಡವ್ವ, ಹೋದ ಸಲದಂಗೆ ಅಟ್ಟಕ್ಕೆ ಹಾಕ್ತೀನಿ. ಬಿಸ್ಲಿಗೆ ಹಾಕ್ಬೇಡಿ, ನೆರಳಲ್ಲೇ ಒಣಗ್ಸಿ ಅಂತ ನಿಮ್ಮೋರು ಕೊಟ್ಟ ಚೀಟೀಲಿ ಬರ್ದಿದ್ರಲ್ಲ."

ಹುಡುಗಿ ಮಣ್ಣು ಸುರಿಯುತ್ತಿದ್ದ ಕೈ ತಡೆದಳು. "ಯಾವ ಅಟ್ಟ ಅಮ್ಮ?"

"ಅಯ್ಯೋ, ಕೊಬ್ರಿ ಅಟ್ಟ. ಇನ್ಯಾವ್ದೈತೆ?"

ಎಲ್ಲರೂ ಒಳಗೆ ಹೋದೆವು. ಅಟ್ಟದ ಗಳುಗಳ ಮೇಲೆ ಸುಲಿಯದ ಕಾಯಿಗಳು ತಿಂಗಳುಗಟ್ಟಲೆ ಕೂತು, ಒಳಗಿನ ನೀರನ್ನು ತಾವೇ ಹೀರಿ ಉಂಡೆಕೊಬ್ಬರಿಯಾಗುತ್ತಿದ್ದವು. ಮಳೆಗಾಲದ ತೇವ ತಾಗದಿರಲೆಂದು ಕೆಳಗೆ ಕಾಯಿಯಿಂದ ಸುಲಿದ ಮಟ್ಟೆ ಸುಟ್ಟು ಹೊಗೆ ಹಾಕುವುದು ನಮ್ಮ ಮನೆಯ ರೂಢಿ. ಹೆಂಚಿನ ಸಂದಿಯಿಂದ ಇಳಿದ ಬೆಳಕಿನ ಕೋಲಿನಲ್ಲಿ ಹೊಗೆಯೊಡನೆ ಏನೋ ಬಹಳ ನವಿರಾದದ್ದು ಏರಿ, ತೇಲಿ, ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅಮ್ಮ ಏಣಿ ಹತ್ತಿ ಒಂದು ಕಾಯಿಯ ಮೇಲೆ ಬೆರಳಾಡಿಸಿ ನಮ್ಮ ಕಡೆ ಚಾಚಿದಳು. ಬೆರಳ ತುದಿ ಬೂದುಬಣ್ಣವಾಗಿತ್ತು.

"ಬೂದಿ," ಎಂದೆ. ಮಟ್ಟೆಯ ಬೂದಿಯಲ್ಲಿ ತುಂಬಿರುವುದು ಪೊಟ್ಯಾಷ್. ಅದು ದಿನಗಟ್ಟಲೆ ಮೊರದ ಮಣ್ಣಿನ ಮೇಲೆ ಇಳಿದಿತ್ತು.

"ನಾನೇ ಕೆಡ್ಸಿದ್ನಾ ಹಂಗಾದ್ರೆ?" ಎಂದಳು ಅಮ್ಮ, ಏಣಿಯ ಮೇಲಿಂದಲೇ.

"ನೀನು ಚೀಟಿಯಲ್ಲಿದ್ದಂತೆಯೇ ಮಾಡಿದ್ದೀಯ," ಎಂದು ಅಮ್ಮನಿಗೆ ಹೇಳಿ ಹುಡುಗಿಯ ಕಡೆ ತಿರುಗಿದೆ. ಕೊಬ್ಬರಿ ಸೀಮೆಯ ಮನೆಯಲ್ಲಿ ನೆರಳೆಂದರೆ ಅಟ್ಟ. ಬೆಲೆಯುಳ್ಳದ್ದೆಲ್ಲ ಒಣಗುವುದು ಅಲ್ಲಿ. ಈ ಸೀಮೆಗೆ ಕೊಡುವ ಸೂಚನೆಯನ್ನು ಈ ಸೀಮೆಯ ಮನೆಯೊಂದರೊಳಗೆ ಕಾಲಿಡದೆ ಬರೆದವರು ಯಾರು? ಚೀಟಿಯ ಆ ಒಂದು ಸಾಲಿನ ಅಜ್ಞಾನಕ್ಕೆ ಮರಗಳು ಯಾಕೆ ಉರುಳಬೇಕು? ಕೇಳಿಯೇಬಿಟ್ಟೆ. ಅವಳು ಹೊಸ ಚೀಟಿಯಲ್ಲಿ ಅಟ್ಟದ ಮಾತನ್ನು ಸೇರಿಸುವುದು ತನ್ನ ಹೊಣೆ ಎಂದಳು. ಅಪ್ಪ ಆಗಲೇ ಫೋನು ತೆಗೆದು ಮಾಯಸಂದ್ರದವರಿಗೆ, "ಈ ವಾರ ಬ್ಯಾಡ ಕಣಪ್ಪ, ಹೇಳ್ತೀನಿ," ಎನ್ನುತ್ತಿದ್ದರು.

ಆ ರಾತ್ರಿ ನನಗೆ ಕೋಪಕ್ಕಿಂತ ಬೆರಗೇ ಹೆಚ್ಚಾಗಿತ್ತು. ನಾನು ತಪ್ಪೆಂದು ಜರೆದ ವರದಿ ತಪ್ಪಾಗಿರಲಿಲ್ಲ. ನಮ್ಮ ಮನೆಯ ಹೊಗೆಯನ್ನು, ಯಾರೂ ಲೆಕ್ಕಕ್ಕೆ ಹಿಡಿಯದ ಆ ನವಿರು ಬೂದಿಯನ್ನು, ಒಂದು ಹಿಡಿ ಮಣ್ಣು ಅಷ್ಟು ದೂರ ಹೊತ್ತೊಯ್ದು ಜ್ವಾಲೆಯೆದುರು ಒಪ್ಪಿಸಿತ್ತು.

ಪಡಸಾಲೆಯಲ್ಲಿ ಹಳೆಯ ಪತ್ರಿಕೆಯ ಮೇಲೆ ಒಣಗಿಸಿದ ಮಣ್ಣಿನ ಫಲಿತಾಂಶ ಬಂತು. ಪೊಟ್ಯಾಷ್ ತೀರಾ ಕಡಿಮೆ.

ಅಪ್ಪ ಅದನ್ನು ಓದಿಸಿಕೊಂಡು ಹೊರಗೆ ಬಂದರು. ಅಂಗಳದಲ್ಲಿ ಸುಲಿದ ಮಟ್ಟೆಯ ರಾಶಿ ನಾರಿನ ಕಾರ್ಖಾನೆಯ ಲಾರಿಗಾಗಿ ಕಾಯುತ್ತಿತ್ತು. ಒಂದನ್ನು ಎತ್ತಿ ಮೂಸಿ ನೋಡಿದರು.

"ಅಟ್ಟದ ಹೊಗೇಲೇ ಅಷ್ಟಿತ್ತು ಅಂದ್ರೆ," ಎಂದರು, "ವರ್ಷಾ ವರ್ಷಾ ಲಾರಿಗೆ ತುಂಬಿ ಕಳ್ಸಿದ್ದೆಲ್ಲ ಇದೇ ಏನವ್ವ?"

"ಇದೇ," ಎಂದೆ. ಪ್ರಯೋಗಾಲಯದವರನ್ನು ಕೇಳಿದಷ್ಟು ಗಟ್ಟಿಯಾಗಿ ಅಪ್ಪನನ್ನು ಕೇಳಬೇಕಾಗಿ ಬರಲಿಲ್ಲ.

ಲಾರಿ ಬಂದಾಗ ಅಮ್ಮ ಬಾಗಿಲಲ್ಲೇ ನಿಂತು, "ಈ ಸಲ ಇಲ್ಲ ಕಣಪ್ಪ, ನಮ್ಮ ಮರಕ್ಕೇ ಬೇಕು," ಎಂದು ತಿರುಗಿಸಿದಳು. ಸಂಜೆ ಮೂಡಣ ಸಾಲಿನ ಸುತ್ತ ಚರಂಡಿ ತೋಡಿ, ಮಟ್ಟೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಮಣ್ಣು ಮುಚ್ಚಿದೆವು. ಬೂದಿಯನ್ನೂ ಅಟ್ಟದ ಕೆಳಗಿನಿಂದ ಬಾಚಿ ತಂದೆವು. ತೆಂಗು ತಡವಾಗಿ ಓಗೊಡುವ ಮರ. ಇದರ ಗುಣ ಕಾಣಲು ವರ್ಷಗಳೇ ಬೇಕೆಂದು ಅಪ್ಪನಿಗೂ ಗೊತ್ತಿತ್ತು. ಆದರೂ ಕೆಲಸ ಮುಗಿಸಿ, ಕೈ ಕೊಡವಿ, ಗರಿಗಳ ಕಡೆ ಕತ್ತೆತ್ತಿ ನಿಂತೇ ಇದ್ದರು.

"ಈಗ್ಲೇ ಬುಡ್ತಾವೇನ್ರೀ ಕಾಯಿ?" ಎಂದಳು ಅಮ್ಮ, ಗುದ್ದಲಿ ಹೆಗಲಿಗೇರಿಸುತ್ತ. "ನಡೀರಿ, ಇನ್ನು ಎಲ್ಲೂ ಹೋಗಲ್ಲ ಅವು."