ಊರಿಗೆಲ್ಲ ಕಣ್ಣು ಬಂದ ಹನ್ನೊಂದು ದಿನ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಕಣ್ಣು ಪರೀಕ್ಷೆ ಮಾಡುತ್ತಿದ್ದವರನ್ನು ಎಲ್ಲರೂ ಕಾಣ್ತಾ ಸರ್ ಎಂದೇ ಕರೆಯುತ್ತಿದ್ದರು. ದಿನಕ್ಕೆ ನೂರಿನ್ನೂರು ಸಲ "ಕಾಣ್ತಾ?" ಎಂದು ಕೇಳುವ ಮನುಷ್ಯನಿಗೆ ಇನ್ನೊಂದು ಹೆಸರು ಅಂಟುವುದು ಕಷ್ಟ. ಯಾರಾದರೂ ಡಾಕ್ಟ್ರೇ ಎಂದರೆ ಅವರು ಕೈಯಲ್ಲಿದ್ದ ಲೆನ್ಸನ್ನು ಕೆಳಗಿಡುತ್ತಿದ್ದರು. "ನಾನು ಡಾಕ್ಟರಲ್ಲ, ಅಳತೆ ನೋಡೋನು" ಎಂದು ತಿದ್ದಿದ ಮೇಲೆಯೇ ಇನ್ನೊಂದು ಲೆನ್ಸ್ ಎತ್ತುತ್ತಿದ್ದರು.

ಅಳತೆಯ ವಿಷಯದಲ್ಲಿ ಅವರು ಬಲು ಗಟ್ಟಿ. ಆ ಕೋಣೆ ರೈಲು ಡಬ್ಬಿಯಂತೆ ಉದ್ದವಾಗಿತ್ತು, ಕಿಟಕಿ ಇರಲಿಲ್ಲ. ಒಂದು ತುದಿಯಲ್ಲಿ ಬಂದವರು ಕೂರುವ ಕುರ್ಚಿ, ಇನ್ನೊಂದು ತುದಿಯ ಗೋಡೆಯಲ್ಲಿ ಅಕ್ಷರಗಳು. ನಡುವೆ ಸರಿಯಾಗಿ ಆರು ಮೀಟರ್. ಗುಡಿಸುವವರು ಕುರ್ಚಿಯನ್ನು ನಾಲ್ಕು ಬೆರಳು ಹಿಂದೆ ತಳ್ಳಿದ್ದರೂ ಒಳಗೆ ಕಾಲಿಟ್ಟ ಕೂಡಲೇ ಅವರಿಗೆ ಗೊತ್ತಾಗುತ್ತಿತ್ತು. ಕೊನೆಯ ಸಾಲಿನ ಅಕ್ಷರ ಒಂಬತ್ತು ಮಿಲಿಮೀಟರಿಗೆ ಒಂದು ಕೂದಲೆಳೆ ಕಡಿಮೆ ಇರಬೇಕು. ಅದನ್ನು ಓದಿದವರಿಗೆ ಕನ್ನಡಕ ಬೇಡ, ಓದದವರಿಗೆ ಬೇಕು. ಇದರಲ್ಲಿ ನೆಂಟರು, ಸ್ನೇಹಿತರು ಎಂಬ ದಾಕ್ಷಿಣ್ಯ ಇರಲಿಲ್ಲ.

ಅವರೇ ಕನ್ನಡಕ ಹಾಕುತ್ತಿರಲಿಲ್ಲ. ಅಂಗಡಿ ಶುರುಮಾಡಿದ ಹಳೆಯ ಯಜಮಾನರು ಬಂದ ಗಿರಾಕಿಗಳಿಗೆಲ್ಲ ಇವರನ್ನು ತೋರಿಸಿ, "ನೋಡಿ, ಐವತ್ತು ದಾಟಿದೆ, ಹದ್ದಿನ ಕಣ್ಣು" ಎನ್ನುತ್ತಿದ್ದರು. ಕನ್ನಡಕ ಮಾರುವ ಅಂಗಡಿಗೆ ಇದೆಂಥ ಜಾಹೀರಾತು ಎಂದು ಯಾರೂ ಕೇಳಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಅವರ ಮಗಳು ಅಂಗಡಿ ನೋಡಿಕೊಳ್ಳತೊಡಗಿದಳು. ಅವಳು ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಕಾಣ್ತಾ ಸರ್ ಅವಳನ್ನು ಬಲ್ಲರು. ಅವಳಿಗೆ ಅವರು ಈಗಲೂ ಮಾಮ.

ಹದ್ದಿನ ಕಣ್ಣು ಮಂಜಾಗತೊಡಗಿ ಎರಡು ವರ್ಷವಾಗಿತ್ತು. ಪತ್ರಿಕೆ ದೂರ ಹಿಡಿದರೆ ಅಕ್ಷರ ಸಣ್ಣ, ಹತ್ತಿರ ಹಿಡಿದರೆ ಮಸುಕು. ರಸ್ತೆಯಲ್ಲಿ ಎದುರು ಬರುವವರು ಗುರುತಿನವರೋ ಅಲ್ಲವೋ ತಿಳಿಯದೆ ಎಲ್ಲರಿಗೂ ನಮಸ್ಕಾರ ಮಾಡುವ ಅಭ್ಯಾಸ ಮಾಡಿಕೊಂಡರು; ವಯಸ್ಸಾದಂತೆ ವಿನಯ ಹೆಚ್ಚಿತೆಂದು ಜನ ಮೆಚ್ಚಿಕೊಂಡರು. ಒಮ್ಮೆ ಹೊಸ್ತಿಲ ಬಳಿ ಮಲಗಿದ್ದ ಪಕ್ಕದ ಮನೆಯ ಬೆಕ್ಕನ್ನು ಚಪ್ಪಲಿ ಎಂದು ಮೆಟ್ಟಲು ಹೋಗಿ ಪರಚಿಸಿಕೊಂಡರು.

"ಒಂದು ಕನ್ನಡಕ ಮಾಡಿಸ್ಕೊಳ್ಳಿ ಅಂದ್ರೆ ಯಾಕ್ರೀ ಹಟ?" ಎಂದು ಹೆಂಡತಿ ಗಾಯಕ್ಕೆ ಹತ್ತಿ ಒತ್ತುತ್ತ ಕೇಳಿದರು.

"ಬೆಕ್ಕಿನ ಬಣ್ಣ ಚಪ್ಪಲಿ ಬಣ್ಣ ಒಂದೇ ಇತ್ತು ಕಣೆ."

ಹೆಂಡತಿಯ ಅಣ್ಣ ನಿವೃತ್ತರಾದ ವ್ಯಾಯಾಮ ಶಿಕ್ಷಕರು. ಅವರ ಬಳಿ ಎಲ್ಲ ಕಾಯಿಲೆಗೂ ಒಂದೊಂದು ಕಸರತ್ತು ಇತ್ತು. "ದಿನಾ ಬೆಳಗ್ಗೆ ಕಣ್ಣುಗುಡ್ಡೆ ಐವತ್ತು ಸಲ ಎಡಕ್ಕೆ ತಿರುಗಿಸಿ, ಐವತ್ತು ಸಲ ಬಲಕ್ಕೆ. ಮೂರು ತಿಂಗಳಲ್ಲಿ ನೋಡಿ ಭಾವ" ಎಂದರು. ಕಾಣ್ತಾ ಸರ್ ನಗಲೂ ಇಲ್ಲ, ಒಪ್ಪಲೂ ಇಲ್ಲ. ಆದರೆ ಮರುದಿನದಿಂದ ಬಚ್ಚಲಿನ ಬಾಗಿಲು ಹಾಕಿಕೊಂಡು ತಿರುಗಿಸತೊಡಗಿದರು.

ಅಂಗಡಿಯಲ್ಲಿ ಮೊದಲು ಬಲ್ಬಿನ ಬೆಳಕಿನಲ್ಲಿ ಓದಿಸುವ ರಟ್ಟಿನ ಚಾರ್ಟ್ ಇತ್ತು. ನಾಲ್ಕು ವರ್ಷದ ಕೆಳಗೆ ಅದನ್ನು ತೆಗೆದು ಕಂಪ್ಯೂಟರ್ ಕೂರಿಸಿದ್ದರು. ಒಂದಕ್ಕೇ ಎರಡು ಸ್ಕ್ರೀನ್: ಕಾಣ್ತಾ ಸರ್ ಮೇಜಿನ ಮೇಲೊಂದು, ಎದುರಿನ ಗೋಡೆಯ ಮೇಲೊಂದು. ಮೇಜಿನದರಲ್ಲಿ ಬಂದವರ ವಿವರ, ಗೋಡೆಯದರಲ್ಲಿ ಒಂದು ಸಲಕ್ಕೆ ಒಂದೇ ಸಾಲು ಅಕ್ಷರ. ಅದರಲ್ಲಿ ಹಾಕಿದ್ದು ವಿಂಡೋಸಲ್ಲ, ಲಿನಕ್ಸ್ ಎಂಬ ತಂತ್ರಾಂಶ. ರಿಪೇರಿಯವನು ಅದನ್ನು ಹಾಕಿಕೊಟ್ಟು, "ಇದಕ್ಕೆ ವೈರಸ್ ಬರಲ್ಲ ಸರ್, ನೀವಾಗಿ ಏನೂ ಮುಟ್ಟದಿದ್ರೆ ಸಾಕು" ಎಂದು ಹೇಳಿ ಹೋಗಿದ್ದ. ನಾಲ್ಕು ವರ್ಷ ಅವರು ಏನೂ ಮುಟ್ಟಿರಲಿಲ್ಲ.

ಕಸರತ್ತು ಶುರುವಾಗಿ ಮೂರು ತಿಂಗಳಾದ ಒಂದು ಸೋಮವಾರ ಮುಟ್ಟಿದರು. ಮೇಜಿನ ಸ್ಕ್ರೀನಿನಲ್ಲಿ ಬಂದವರ ಹೆಸರು ಓದಲು ಮೂಗು ತಾಗಿಸಬೇಕಾಗಿತ್ತು. ಬಾಗಿಲಿನಿಂದ ನೋಡಿದವರಿಗೆ ಸ್ಕ್ರೀನನ್ನು ಮೂಸುತ್ತಿರುವಂತೆ ಕಾಣುತ್ತಿತ್ತು. ಅಂಗಡಿ ತೆರೆದು ಇನ್ನೂ ಯಾರೂ ಬಂದಿರಲಿಲ್ಲ. ಅವರು ಸೆಟ್ಟಿಂಗ್ಸ್ ತೆರೆದರು. ಅಲ್ಲಿ ಎರಡು ಪುಟ್ಟ ಸ್ಕ್ರೀನುಗಳ ಚಿತ್ರ ಇತ್ತು. ತಮ್ಮ ಮೇಜಿನದರ ಮೇಲೆ ಮಾತ್ರ ಒತ್ತಿ, ಅಳತೆಯನ್ನು ನೂರರಿಂದ ಇನ್ನೂರಕ್ಕೆ ಏರಿಸಿದರು.

ಎರಡೂ ಸ್ಕ್ರೀನು ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿದವು. ಮೇಜಿನ ಮೇಲೆ ಅಕ್ಷರಗಳು ಕುಂಬಳಕಾಯಿಯಷ್ಟಾಗಿದ್ದವು. ಬಾಗಿಲಾಚೆ ನಿಂತವರೂ ಓದಬಹುದಾಗಿತ್ತು. ಒಡತಿ ಬಂದು ನೋಡಿದರೆ ಮಾಮನ ಕಣ್ಣಿನ ಗುಟ್ಟು ರಟ್ಟಾಗುತ್ತದೆಂದು ಹೆದರಿ ಅವರು ತಕ್ಷಣ ಮತ್ತೆ ನೂರಕ್ಕೆ ಇಳಿಸಿದರು. ಮೇಜಿನದು ಮೊದಲಿನಂತಾಯಿತು. ಜೊತೆಗೇ ದೊಡ್ಡದಾಗಿದ್ದ ಗೋಡೆಯದು ಆಗಲಿಲ್ಲ, ಎರಡರಷ್ಟಾಗಿಯೇ ನಿಂತಿತು. ಆದರೆ ಅವರು ಮುಟ್ಟಿದ್ದು ಮೇಜಿನದನ್ನು ಮಾತ್ರ. ಗೋಡೆಯದನ್ನು ಯಾಕೆ ನೋಡುತ್ತಾರೆ?

ಮೊದಲು ಬಂದವನು ಅಂಚೆಯವನು. ಇಪ್ಪತ್ತು ವರ್ಷದಿಂದ ಕನ್ನಡಕ. ಅದನ್ನು ತೆಗೆದಿಟ್ಟು ಬರಿಗಣ್ಣಲ್ಲಿ ಕೊನೆಯ ಸಾಲನ್ನು ಗಡಗಡ ಓದಿಬಿಟ್ಟ.

"ಇನ್ನೊಂದು ಸಲ" ಎಂದರು ಕಾಣ್ತಾ ಸರ್, ಅಕ್ಷರ ಅದಲುಬದಲು ಮಾಡಿ. ಅವನು ಅದನ್ನೂ ಓದಿದ.

"ನಿಮಗೆ ಕನ್ನಡಕ ಬೇಡ."

"ಹಾಗಂದ್ರೆ ಇಷ್ಟು ದಿನ?"

"ಇಷ್ಟು ದಿನ ಬೇಕಿತ್ತು. ಈಗ ಬೇಡ. ಅಳತೆ ಹಾಗೆ ಹೇಳುತ್ತೆ."

ಆ ದಿನ ಬಂದ ಐವರಲ್ಲಿ ಐವರಿಗೂ ಕನ್ನಡಕ ಬೇಕಾಗಲಿಲ್ಲ. ಮಧ್ಯಾಹ್ನ ಕೋಣೆ ಖಾಲಿಯಿದ್ದಾಗ ಕಾಣ್ತಾ ಸರ್ ತಾವೇ ಕುರ್ಚಿಯಲ್ಲಿ ಕೂತರು. ಅಕ್ಷರ ಬದಲಿಸಿ, ಒಂದು ಕಣ್ಣು ಮುಚ್ಚಿ ಓದಿದರು. ಇನ್ನೊಂದು ಮುಚ್ಚಿ ಓದಿದರು. ಎರಡೂ ಕೊನೆಯ ಸಾಲಿನವರೆಗೆ ಹೋದವು. ಸಂಜೆ ಮನೆಗೆ ಹೋದವರೇ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿ, "ಭಾವ, ನಿಮ್ಮ ಕಸರತ್ತು ನಾನು ನಂಬಿರಲಿಲ್ಲ. ಕ್ಷಮಿಸಿ" ಎಂದರು.

"ಪೇಪರ್ ಓದೋಕಾಗುತ್ತಾ?" ಎಂದು ಹೆಂಡತಿ ಕೇಳಿದರು.

"ದೂರದ್ದು ಬಂದಿದೆ. ಹತ್ತಿರದ್ದೂ ಬರುತ್ತೆ."

ಮರುದಿನದಿಂದ ಅವರು ಬಂದವರಿಗೆಲ್ಲ ಕಣ್ಣು ತಿರುಗಿಸುವುದನ್ನು ಹೇಳಿಕೊಟ್ಟರು. ಮೂವತ್ತೊಂದು ವರ್ಷ ಒಂದೂ ಸುಳ್ಳು ನಂಬರ್ ಕೊಡದ ಮನುಷ್ಯ ಹೇಳಿದ ಮೇಲೆ ಅನುಮಾನ ಪಡುವವರು ಯಾರು? ಬಸ್ಸಿಗೆ ಕಾಯುವವರು, ಬ್ಯಾಂಕಿನ ಸಾಲಿನಲ್ಲಿ ನಿಂತವರು ಕಣ್ಣುಗುಡ್ಡೆ ತಿರುಗಿಸತೊಡಗಿದರು. ಉದ್ಯಾನದಲ್ಲಿ ಹೆಂಡತಿಯ ಅಣ್ಣ ಬೆಳಗಿನ ತರಗತಿಯನ್ನೇ ತೆರೆದರು.

ಕನ್ನಡಕ ಬಿಟ್ಟವರು ತಮ್ಮ ತಮ್ಮ ಕೆಲಸಕ್ಕೆ ಹೋದರು. ಅಂಚೆಯವನು ಒಂದು ಬೀದಿಯ ಕಾಗದಗಳನ್ನು ಇನ್ನೊಂದು ಬೀದಿಗೆ ಹಂಚಿದ. ಎರಡು ಬೀದಿಯವರಿಗೂ ಪರಸ್ಪರರ ಸಂಸಾರದ ವಿಷಯ ತಿಳಿದು ಮಾತುಕತೆ ನಿಂತಿತು. ಶಾಲೆಯ ಹೆಡ್‌ಮಿಸ್ ಗೇಟಿನ ಬಳಿ ಬರುತ್ತಿದ್ದವರನ್ನು ಏಳನೆಯ ತರಗತಿಯ ತುಂಟನ ತಂದೆ ಎಂದುಕೊಂಡು, ಮಗನನ್ನು ಹದ್ದುಬಸ್ತಿನಲ್ಲಿಡಿ ಎಂದು ಕಾಲು ಗಂಟೆ ಬೈದರು. ಅವರು ಶಾಲೆ ತಪಾಸಣೆಗೆ ಬಂದ ಅಧಿಕಾರಿ, ಮದುವೆಯಾಗದವರು. ಫುಟ್‌ಬಾಲ್ ಪಂದ್ಯದ ರೆಫರಿ ಚೆಂಡು ಗೋಲು ಕಂಬದ ಹೊರಗೆ ಹೋದದ್ದಕ್ಕೆ ಗೋಲು ಕೊಟ್ಟ, ಒಳಗೆ ಹೋದದ್ದಕ್ಕೆ ಕೊಡಲಿಲ್ಲ. ಎಂದೂ ಕೈ ಕುಲುಕದ ಎರಡು ತಂಡಗಳು ಒಟ್ಟಾಗಿ ಅವನ ಮೇಲೆ ದೂರು ಬರೆದವು.

ಅಂಗಡಿಯ ಒಡತಿ ಈ ಸುದ್ದಿಗಳನ್ನೆಲ್ಲ ಕೇಳುತ್ತ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಹತ್ತು ದಿನದಿಂದ ಒಂದು ಫ್ರೇಮೂ ಹೊರಗೆ ಹೋಗಿರಲಿಲ್ಲ.

"ಮಾಮ, ಊರಿಗೆ ಊರೇ ಹತ್ತೇ ದಿನದಲ್ಲಿ ಕಣ್ಣು ಸರಿಹೋಗುತ್ತಾ?"

"ನಾನೂ ಯೋಚನೆ ಮಾಡಿದೆ ಮಗಳೇ. ಅಂಗಡಿ ಮುಚ್ಚಬೇಕಾಗಿ ಬಂದ್ರೂ ನಾನು ಅಳತೆ ತಪ್ಪು ಹೇಳೋಕಾಗಲ್ಲ."

ಹನ್ನೊಂದನೆಯ ದಿನ ಬಟ್ಟೆ ಹೊಲಿಯುವ ಹೆಂಗಸು ಬಂದಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಕುರ್ಚಿಯಲ್ಲಿ ಕೂತು ಎಲ್ಲ ಸಾಲನ್ನೂ ಓದಿ, ಏಳದೆ ಗೋಡೆಯನ್ನೇ ದುರುಗುಟ್ಟಿ ನೋಡಿದಳು.

"ಸರ್, ಈ ಅಕ್ಷರ ಹೋದ ವರ್ಷಕ್ಕಿಂತ ದೊಡ್ಡದಿದೆ."

"ನಿಮ್ಮ ಕಣ್ಣು ಸುಧಾರಿಸಿದೆ, ಅದಕ್ಕೆ ಹಾಗನ್ಸುತ್ತೆ."

"ಕಣ್ಣು ಸುಧಾರಿಸಿದ್ರೆ ಅಕ್ಷರ ಸ್ಪಷ್ಟ ಆಗ್ಬೇಕು. ದೊಡ್ಡದು ಯಾಕಾಗುತ್ತೆ?"

ಅವಳು ಆರು ಮೀಟರ್ ನಡೆದು ಹೋಗಿ, ಕೊರಳಿನ ಟೇಪು ತೆಗೆದು, ರವಿಕೆಯ ತೋಳು ಅಳೆಯುವಷ್ಟೇ ನಿರಾಳವಾಗಿ ಕೊನೆಯ ಸಾಲಿನ 'ಗ' ಅಳೆದಳು.

"ಒಂದೂಮುಕ್ಕಾಲು ಸೆಂಟಿಮೀಟರ್."

ಮೂವತ್ತೊಂದು ವರ್ಷ ಒಂಬತ್ತು ಮಿಲಿಮೀಟರಿಗೆ ಒಂದು ಕೂದಲೆಳೆ ಕಡಿಮೆ ಇದ್ದದ್ದು ಈಗ ಅದರ ಎರಡರಷ್ಟು. ಸೋಮವಾರ ಬೆಳಗ್ಗೆ ಸೆಟ್ಟಿಂಗ್ಸ್ ಮುಟ್ಟಿದ್ದು ಅವರಿಗೆ ನೆನಪಾಯಿತು. "ಹೋಗಿ ಕೂತ್ಕೊಳ್ಳಿ, ಈಗ ಸರಿಮಾಡ್ತೀನಿ" ಎಂದವರೇ ಮತ್ತೆ ಸೆಟ್ಟಿಂಗ್ಸ್ ತೆರೆದು, ಈ ಸಲ ಗೋಡೆಯ ಸ್ಕ್ರೀನಿನ ಚಿತ್ರದ ಮೇಲೆ ಒತ್ತಿದರು.

ಮತ್ತೆ ಎರಡೂ ಕಪ್ಪಾದವು. ಬೆಳಕು ಬಂದಾಗ ಅಕ್ಷರಗಳು ಮೇಜಿನ ಮೇಲಿದ್ದವು, ಮೇಜಿನ ಮೇಲಿದ್ದ ವಿವರಗಳು ದೊಡ್ಡದಾಗಿ ಗೋಡೆಗೆ ಹೋಗಿದ್ದವು. ಕಾಣ್ತಾ ಸರ್‌ಗೆ ಒಂದು ಅಭ್ಯಾಸವಿತ್ತು. ಪ್ರತಿಯೊಬ್ಬರ ನಂಬರಿನ ಕೆಳಗೆ, ಮುಂದಿನ ಸಲದ ಅನುಕೂಲಕ್ಕೆಂದು, ಅವರ ಸ್ವಭಾವವನ್ನೂ ಎರಡು ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೊಲಿಗೆಯ ಹೆಂಗಸು ಕುರ್ಚಿಯಲ್ಲಿ ಕೂತಲ್ಲಿಂದಲೇ ತನ್ನ ವಿವರ ಓದತೊಡಗಿದಳು.

"'ಮಾತು ಜಾಸ್ತಿ. ಹೇಳಿದ್ದನ್ನು ನಂಬುವುದಿಲ್ಲ.' ಇದೂ ಪರೀಕ್ಷೆಯಲ್ಲಿ ಬರುತ್ತಾ ಸರ್?"

"ಅದನ್ನ ಓದ್ಬೇಡಿ."

"ಕಾಣ್ತಾ ಇದೆಯಲ್ಲ. ಕೆಳಗೆ ಇನ್ನೊಂದು ಬಂತು. 'ಈ ಬದಲಾವಣೆ ಉಳಿಸಿಕೊಳ್ಳಬೇಕೇ? ಹದಿನೈದು ಸೆಕೆಂಡು.' ಹದಿನಾಲ್ಕು. ಹದಿಮೂರು."

"ಬೇಡ ಅನ್ನಿ" ಎಂದರು ಕಾಣ್ತಾ ಸರ್, ಅವಳು ಹೇಳಿದರೆ ಅದು ಕೇಳುತ್ತದೆಂಬಂತೆ. ಮೌಸಿನ ಬಾಣ ಮೇಜಿನ ಸ್ಕ್ರೀನು ಬಿಟ್ಟು ಗೋಡೆಯ ಮೇಲೆಲ್ಲೋ ಅಲೆಯುತ್ತಿತ್ತು. ಅವಳು "ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ದಾಟಿ ಹೋಯ್ತು" ಎಂದು ದಾರಿ ಹೇಳಿದಳು. ಸೆಕೆಂಡು ಮುಗಿಯಿತು. ಸ್ಕ್ರೀನುಗಳು ತಾವಾಗಿಯೇ ಮತ್ತೊಮ್ಮೆ ಕಪ್ಪಾದವು. ಈ ಸಲ ಅಕ್ಷರಗಳು ಗೋಡೆಗೆ ಮರಳಿದವು, ಆದರೆ ತಲೆಕೆಳಗಾಗಿ.

ಗದ್ದಲ ಕೇಳಿ ಒಡತಿ ಒಳಗೆ ಬಂದಳು. ತಲೆಕೆಳಗಾದ ಅಕ್ಷರ, ಕೈಯಲ್ಲಿ ಟೇಪು ಹಿಡಿದ ಹೆಂಗಸು, ಬೆವರುತ್ತಿದ್ದ ಮಾಮ. ಅವಳು ರಿಪೇರಿಯವನಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಆ ಸೆಟ್ಟಿಂಗ್ಸ್ ಹಾಗೇ ಮೇಡಂ" ಎಂದ ಅವನು. "ಒಂದನ್ನ ಬದಲಾಯ್ಸಿದ್ರೆ ಇನ್ನೊಂದನ್ನೂ ಕೇಳದೆ ಬದಲಾಯ್ಸುತ್ತೆ. ನಾನು ಬಂದು ಸರಿಮಾಡಿ, ಯಾರೂ ಮುಟ್ಟದ ಹಾಗೆ ಬೀಗ ಹಾಕ್ತೀನಿ. ಆದ್ರೆ ಮೊದಲು ಯಾರು ಮುಟ್ಟಿದ್ದು, ಯಾಕೆ?"

ಕಾಣ್ತಾ ಸರ್ ನೆಲ ನೋಡುತ್ತ ಹೇಳಿದರು: "ನಾನೇ. ನನಗೆ ಅಕ್ಷರ ಕಾಣ್ತಿರಲಿಲ್ಲ."

ಹೊಲಿಗೆಯ ಹೆಂಗಸು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ರಿಪೇರಿಯವನು ಮಧ್ಯಾಹ್ನ ಬಂದು ಅಳತೆ ಸರಿಮಾಡಿದ. ಹೊಲಿಗೆಯವಳೇ ಟೇಪು ಹಿಡಿದು ಒಪ್ಪಿಗೆ ಕೊಟ್ಟಳು. ಅದಾದ ಮೇಲೆ ಒಡತಿ ಮಾಮನನ್ನು ಕೂರಿಸಿ ಲೆನ್ಸ್ ಒಂದೊಂದಾಗಿ ಹಾಕಿ ನೋಡಿದಳು. ಬರಿಗಣ್ಣಿಗೆ ಅವರಿಗೆ ಕೊನೆಯ ಎರಡು ಸಾಲು ಕಾಣಲೇ ಇಲ್ಲ. ಕನ್ನಡಕ ತಯಾರಾಗಿ ಬಂದ ದಿನ ಅದನ್ನು ಹಾಕಿಕೊಂಡು ಅವರು ಮೊದಲು ನೋಡಿದ್ದು ಒಡತಿಯ ಕಿವಿಯ ಬಳಿಯ ನರೆಗೂದಲನ್ನು. "ನಿನಗೆ ಯಾವಾಗ ವಯಸ್ಸಾಯ್ತು ಮಗಳೇ?" ಎಂದರು.

"ಆಗಿ ತುಂಬ ದಿನ ಆಯ್ತು ಮಾಮ. ನೀವೊಬ್ರೇ ನೋಡಿರಲಿಲ್ಲ."

ಹನ್ನೊಂದು ದಿನದಲ್ಲಿ ಪರೀಕ್ಷೆ ಮಾಡಿಸಿಕೊಂಡವರು ನಲವತ್ತಮೂರು ಜನ. ಕಾಣ್ತಾ ಸರ್ ಪ್ರತಿಯೊಬ್ಬರ ಮನೆಗೂ ತಾವೇ ಹೋಗಿ, ಬಾಗಿಲಲ್ಲಿ ನಿಂತು, "ನಿಮ್ಮ ಕಣ್ಣು ಸರಿಯಾಗಿಲ್ಲ, ತಪ್ಪು ನನ್ನದು" ಎಂದು ಹೇಳಿದರು. ಅಂಚೆಯವನು ಅವರನ್ನು ತಬ್ಬಿಕೊಂಡ; ಕಾಗದ ತಪ್ಪಿ ಹಂಚಿದ್ದಕ್ಕೆ, ಕಣ್ಣು ಸರಿ ಇದೆಯೆಂದಾದರೆ ಕೆಲಸ ಹೋಗುತ್ತಿತ್ತು, ಕಣ್ಣು ಕೆಟ್ಟಿದೆ ಎಂದರೆ ಉಳಿಯುತ್ತಿತ್ತು. ಹೆಡ್‌ಮಿಸ್ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ ಪಡೆದು ಅಧಿಕಾರಿಗೆ ಕಳಿಸಿದರು. ರೆಫರಿ ಮಾತ್ರ ಗೋಲಿನ ವಿಷಯದಲ್ಲಿ ತನ್ನ ತೀರ್ಪು ಬದಲಿಸಲು ಒಪ್ಪಲಿಲ್ಲ. ಉದ್ಯಾನದ ತರಗತಿಯವರು ಕಾಣ್ತಾ ಸರ್ ಅವರ ಹೊಸ ಕನ್ನಡಕ ನೋಡಿ ಮರುಗಿದರು. "ಕಸರತ್ತು ನಡುವೆ ಬಿಟ್ರೆ ಹೀಗೇ ಆಗೋದು" ಎಂದರು ಹೆಂಡತಿಯ ಅಣ್ಣ.

ಕೊನೆಗೆ ಉಳಿದವರು ಒಬ್ಬರೇ, ಪುಸ್ತಕಕ್ಕೆ ರಟ್ಟು ಕಟ್ಟುವ ಮುದುಕರು. ಪರೀಕ್ಷೆಯಾದ ಮರುದಿನವೇ ಬೇರೆ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿಬಿಟ್ಟಿದ್ದರು. ಅವರಲ್ಲಿ ಫೋನ್ ಇರಲಿಲ್ಲ. ಕಾಣ್ತಾ ಸರ್ ವಿವರವಾಗಿ ಒಂದು ಕಾಗದ ಬರೆದರು. ಎಂಟು ದಿನಕ್ಕೆ ಉತ್ತರ ಬಂತು.

"ನಿಮ್ಮ ಕಾಗದ ತಲುಪಿತು. ನೀವು ಚಿಂತೆ ಮಾಡಬೇಡಿ. ನನಗೆ ಇಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿದೆ. ನಿಮ್ಮ ಕಾಗದವನ್ನು ತಂಗಿ ಓದಿ ಹೇಳಿದಳು. ಈ ಉತ್ತರವನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದೇನೆ."

ಕಾಣ್ತಾ ಸರ್ ಅದನ್ನು ಹೆಂಡತಿಗೆ ಓದಿ ಹೇಳಿ, ಬುತ್ತಿ ಕಟ್ಟಲು ಹೇಳಿದರು. ಮರುದಿನ ಆ ಊರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಲೆನ್ಸಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ರಟ್ಟಿನ ಚಾರ್ಟನ್ನು ಸುರುಳಿ ಸುತ್ತಲಾಗದೆ ಕಂಕುಳಲ್ಲಿ ಹಿಡಿದು ಅವರು ಹೊರಟರು.