ಸಮಸ್ಯೆ ಗಟ್ಟಿ ಇಲ್ವಂತೆ

ಸಂಶೋಧನೆಗೆ ಪ್ರಸ್ತಾವನೆ ಬರೆಯೋದು ಹೇಗೆ ಅಂತ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನನಗೆ ಮೊದಲು ನಗು ಬರುತ್ತದೆ. ನಾನದನ್ನು ಕಲಿತದ್ದು ಸಕಲೇಶಪುರದ ಕಡೆಯ ಮಗ್ಗೆ ಊರಿನ ಹತ್ತಿರದ ನಮ್ಮ ಮನೆಯ ಅಡುಗೆಮನೆಯಲ್ಲಿ, ಅದೂ ಊರ ಮುಂದೆ ಮಾನ ಹರಾಜಾದ ಮೇಲೆ.

ತೊಂಬತ್ತರ ದಶಕದ ಕೊನೆ. ಎಂ.ಎ. ಮುಗಿಸಿ, ಪಿಎಚ್.ಡಿ. ಮಾಡಬೇಕೆಂದು ಮೈಸೂರಿನ ಮೇಷ್ಟ್ರೊಬ್ಬರ ಬೆನ್ನು ಬಿದ್ದಿದ್ದೆ. 'ಕಾಫಿ ಬೆಳೆಗಾರರ ಬದುಕು: ಒಂದು ಸಮಗ್ರ ಅಧ್ಯಯನ' ಅಂತ ಬರೆದು ಕಳಿಸಿಯೂ ಆಗಿತ್ತು. ಏನು ಗತ್ತಿನ ಹೆಸರು! ಅಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಈ ಸಲ ಅವ್ರು ಒಪ್ಪಿದ್ರೆ ಓದು. ಇಲ್ದಿದ್ರೆ ಸುಮ್ನೆ ಆಲೂರಲ್ಲಿ ಸ್ಕೂಲ್ ಕೆಲಸಕ್ಕೆ ಸೇರ್ಕೊ." ಸ್ಕೂಲ್ ಕೆಲಸ ಕೀಳಲ್ಲ. ಆದರೆ ನನಗೆ ಬೇಕಾಗಿದ್ದು ಅದಲ್ಲ, ಅಷ್ಟೇ.

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಎಸ್ಟೇಟಿನ ಆಫೀಸಿಗೆ ಮಾಡಿದರೆ, ಅಲ್ಲಿ ಲೆಕ್ಕ ಬರೆಯುವ ರೈಟರ್ ಸೈಕಲ್ ಹತ್ತಿ ಬಂದು ಸುದ್ದಿ ಮುಟ್ಟಿಸುತ್ತಿದ್ದರು. ಅವರ ಗಂಟಲು ದೇವರಿಗೇ ಪ್ರೀತಿ, ಗೇಟಿನಿಂದಲೇ ಶುರು. ಆ ದಿನ ಕಣದಲ್ಲಿ ಕಾಫಿ ಹರವುತ್ತಿದ್ದ ಆಳುಗಳೆಲ್ಲ ಕೇಳುವ ಹಾಗೆ ಕೂಗಿದರು: "ಅಮ್ಮಾವ್ರೇ, ಮೈಸೂರಿಂದ ಫೋನ್ ಬಂದಿತ್ತು ಕಣ್ರೀ! ನಿಮ್ಮ ಮಗಳ ಸಮಸ್ಯೆ ಗಟ್ಟಿ ಇಲ್ವಂತೆ! ಬೇರೆ ಸಮಸ್ಯೆ ಹುಡುಕ್ಬೇಕಂತೆ, ತಿಂಗ್ಳು ಟೈಮ್ ಕೊಟ್ಟವ್ರೆ!"

ಅವ್ವನ ಕೈಲಿದ್ದ ಮೊರ ಜಾರಿತು. "ಏನೇ ಅದು ಸಮಸ್ಯೆ? ಯಾರ ಜೊತೆ?"

ಸಂಶೋಧನೆಯಲ್ಲಿ ನಾವು ಉತ್ತರ ಹುಡುಕುವ ಪ್ರಶ್ನೆಗೇ ಸಮಸ್ಯೆ ಅಂತಾರೆ ಕಣವ್ವ ಅಂತ ನಾನು ಬಿಡಿಸಿ ಹೇಳುವಷ್ಟರಲ್ಲಿ ಊರು ತನ್ನ ಪಾಡಿಗೆ ತಾನು ಅರ್ಥ ಮಾಡಿಕೊಂಡಾಗಿತ್ತು. ಮಾರನೇ ದಿನ ಕೆ. ಹೊಸಕೋಟೆಯ ಅತ್ತೆ ತಾಯತ ಹಿಡಿದು ಬಸ್ಸಿಳಿದರು. ವಿಷಯ ತಿಳಿದ ಮೇಲೂ ಜನ ಬರೋದು ನಿಲ್ಲಲಿಲ್ಲ. ಪಾಪ, ಹುಡುಗಿಗೆ ಸಮಸ್ಯೆ ಬೇಕಂತಲ್ಲ ಅಂತ ತಮ್ಮತಮ್ಮದನ್ನೇ ದಾನ ಮಾಡತೊಡಗಿದರು. ಒಬ್ಬರದ್ದು ಆನೆ ಕಾಟ, ಇನ್ನೊಬ್ಬರದ್ದು ಹೊತ್ತಿಗೆ ಬಾರದ ಬಸ್ಸು. ದೊಡ್ಡಪ್ಪನಂತೂ, "ನನ್ನ ಸೊಸೇನ ಬರ್ಕೊ ಮಾರಾಯ್ತಿ, ಅದಕ್ಕಿಂತ ಗಟ್ಟಿ ಸಮಸ್ಯೆ ಈ ಜಿಲ್ಲೇಲೇ ಸಿಕ್ಕಲ್ಲ" ಅಂದರು.

ಬಂದವರಿಗೆಲ್ಲ ಕಾಫಿ ಆಗಬೇಕಲ್ಲ. ಅವ್ವ ಪ್ರತಿ ಸಲ ಮೇಲಿನ ಗೂಡಿನಿಂದ ಹಿತ್ತಾಳೆ ಡಬ್ಬ ಇಳಿಸುತ್ತಿದ್ದಳು. ಅದು ನೆಂಟರದ್ದು, ಆಯ್ದ ಬೀಜವನ್ನು ಸಕಲೇಶಪುರದ ಮಿಲ್ಲಿನಲ್ಲಿ ಹುರಿಸಿ ಪುಡಿ ಮಾಡಿಸಿದ್ದು. ಕೆಳಗಿನ ತಗಡಿನ ಡಬ್ಬ ನಮ್ಮದು. ಗಿಡದ ಬುಡದಲ್ಲಿ ಉದುರಿದ್ದು, ನೀರಿಗೆ ಹಾಕಿದಾಗ ತೇಲಿದ ಜೊಳ್ಳು, ಎಲ್ಲ ಸೇರಿಸಿ ಅವ್ವನೇ ಬಾಣಲೆಯಲ್ಲಿ ಹುರಿದದ್ದು. ಹುಟ್ಟಿದಾಗಿನಿಂದ ಕಣ್ಣೆದುರಿಗಿದ್ದ ಡಬ್ಬಗಳು ಆವತ್ತು ತಲೆಗೆ ಹೋದವು. ಕಾಫಿ ಬೆಳೆಯುವವರು ತಾವು ಯಾವ ಕಾಫಿ ಕುಡಿಯುತ್ತಾರೆ? ಅದನ್ನು ತೀರ್ಮಾನ ಮಾಡೋದು ಯಾರು? ಅಬ್ಬಾ, ಸಿಕ್ಕೇಬಿಟ್ಟಿತು!

ಕೂತು ಬರೆದೆ. ಪ್ರಶ್ನೆ ಆಯಿತು, ಯಾವ ಊರುಗಳಿಗೆ ಹೋಗಿ ಯಾರನ್ನು ಮಾತಾಡಿಸಬೇಕು ಅನ್ನೋದೂ ಆಯಿತು. ಕೊನೆಯಲ್ಲಿ ನಾನು ನಿರೀಕ್ಷಿಸುವ ಉತ್ತರ: 'ಒಳ್ಳೆಯದನ್ನು ಮಾರಾಟಕ್ಕೂ ನೆಂಟರಿಗೂ ಕೊಟ್ಟು, ಮನೆಯ ಹೆಂಗಸರು ಮೌನವಾಗಿ ಜೊಳ್ಳಿನಲ್ಲೇ ತೃಪ್ತಿ ಕಾಣುತ್ತಾರೆ.' ಬರೆದು ನನಗೇ ಕಣ್ಣು ತುಂಬಿತು. ತಡೆಯಲಾರದೆ ಅವ್ವನಿಗೆ ಓದಿ ಹೇಳಿದೆ.

"ಅಯ್ಯೋ, ಯಾರೇ ಆ ಪಾಪದ ಹೆಂಗ್ಸು?"

"ನೀನೇ ಕಣವ್ವ."

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು ನೋಡಿ, ನಿಲ್ಲಿಸೋದೇ ಇಲ್ಲ. "ಥೂ ನಿನ್ನ! ಆ ಮಿಲ್ ಪುಡೀನ ಯಾವಳು ಕುಡೀತಾಳೆ? ಬರೀ ಬಣ್ಣ. ನೆಂಟ್ರು ಮರ್ಯಾದೆ ನೋಡ್ತಾರೆ ಅಂತ ಮಡಗಿರೋದು. ರುಚಿ ಇರೋದು ನಮ್ಗೆ ಬೇಕು ಅಂತ್ಲೇ ನಾನು ಕೈಯಾರೆ ಹುರಿಯೋದು."

ನನಗೆ ಕೆಟ್ಟ ಸಿಟ್ಟು ಬಂತು. ಅಷ್ಟು ಚೆನ್ನಾಗಿ ಬರೆದಿದ್ದೆ! ಅವ್ವನ ಮಾತು ಸುಳ್ಳು ಮಾಡಲಿಕ್ಕೇ ಎರಡೂ ಪುಡಿಯ ಕಾಫಿ ಮಾಡಿ ಕುಡಿದೆ. ನಾಲಿಗೆ ನಾಚಿಕೆಯಿಲ್ಲದೆ ಅವ್ವನ ಕಡೆಗೇ ಹೋಯಿತು. ರುಚಿಯೋ, ಬರೀ ಅಭ್ಯಾಸವೋ, ಅದೂ ತಿಳಿಯಲಿಲ್ಲ. ಕಡೆಗೆ ಆ ಸಾಲು ಹೊಡೆದುಹಾಕಿ, 'ಉತ್ತರ ನನಗೆ ಗೊತ್ತಿಲ್ಲ. ನಾನು ಅಂದುಕೊಂಡಿದ್ದು ನಮ್ಮ ಮನೆಯಲ್ಲೇ ತಪ್ಪಾಯಿತು' ಅಂತ ಬರೆದು ಅಂಚೆಗೆ ಹಾಕಿದೆ. ಹಾಕಿದ ಮೇಲೆ ದಿನಾ ಗೇಟಿನ ಕಡೆಗೇ ಕಣ್ಣು. ಗೊತ್ತಿಲ್ಲ ಅನ್ನುವವಳಿಗೆ ಯಾರು ಸೀಟು ಕೊಡುತ್ತಾರೆ? ಅಪ್ಪ ಆಗಲೇ ಆಲೂರಿನ ಸ್ಕೂಲಿನವರ ಹತ್ತಿರ ಮಾತಾಡಿಕೊಂಡು ಬಂದಿದ್ದರು.

ಸ್ವಲ್ಪ ದಿನಕ್ಕೆ ರೈಟರ್ ಬಂದರು, ಮತ್ತೆ ಗೇಟಿನಿಂದಲೇ: "ಅಮ್ಮಾವ್ರೇ! ಈ ಸಲ ಸಮಸ್ಯೆ ಭಾರಿ ಗಟ್ಟಿಯಾಗೈತಂತೆ! ಒಪ್ಕೊಂಬುಟ್ರಂತೆ! ಗೊತ್ತಿಲ್ಲ ಅಂತ ಬರ್ದಿದ್ದೇ ಮೇಷ್ಟ್ರಿಗೆ ಹಿಡಿಸ್ತಂತೆ!"

ನಾನು ಕಣದಲ್ಲೇ ಕುಣಿದುಬಿಟ್ಟೆ. "ಸಮಸ್ಯೆ ಗಟ್ಟಿಯಾಯ್ತು ಅಂತ ಕುಣಿಯೋ ಮನೆ ಇದೊಂದೇ ಇರ್ಬೇಕು" ಅಂತ ಅಪ್ಪನೂ ನಕ್ಕರು. ಸ್ಕೂಲಿನ ಮಾತು ಮತ್ತೆ ಎತ್ತಲಿಲ್ಲ.

ಅವ್ವ ಕಾಫಿಗೆ ಒಳಗೆ ಹೋದಳು. ಅಷ್ಟು ವರ್ಷ ರೈಟರಿಗೆ ನಮ್ಮ ಮನೆಯಲ್ಲಿ ಹಿತ್ತಾಳೆ ಡಬ್ಬದ ಕಾಫಿಯೇ. ಆವತ್ತು ಅವ್ವ ಮೇಲಿನ ಗೂಡಿಗೆ ಕೈ ಚಾಚಲಿಲ್ಲ. ಬಗ್ಗಿ ತಗಡಿನ ಡಬ್ಬ ತೆಗೆದಳು.

"ಒಳ್ಳೇ ಸುದ್ದಿ ತಂದಿದ್ದೀರಿ ರೈಟ್ರೇ," ಅಂತ ಲೋಟ ಕೊಟ್ಟಳು, "ಇವತ್ತು ಒಳ್ಳೇ ಕಾಫಿ ಕುಡೀರಿ."